ಬಿಲ್ಲು ಹಿಡಿದ ಮೇಲೆ

ಕುರಕುಂಭದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದು ನಾನು ಬಿಲ್ಲು ಹಿಡಿದರೆ ಸಾಕು, ಹೆಂಡತಿ ಒಣಹಾಕಿದ ಬಟ್ಟೆಯನ್ನೆಲ್ಲ ಒಳಗೆ ತರುತ್ತಾಳೆ. "ಜಿಂಕಿ ಹೊಡೀತೀರೇನ್ರೀ?" ಅಂದರು ಪಕ್ಕದ ಮನೆಯ ಧಾರವಾಡದವರು. ಸುಪೆಯ ಮಯೂರೇಶ್ವರ ಅಭಯಾರಣ್ಯದಲ್ಲಿ ಚಿಂಕಾರಗಳಿವೆ ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಟ್ಟೀತೇ? ನನ್ನದು ಬರೀ ಗುರಿ ಅಭ್ಯಾಸ. ಒಲಿಂಪಿಕ್ಸ್‌ನ ಬಿಲ್ಲುಗಾರರು 70 ಮೀಟರಿನಿಂದ 12.2 ಸೆಂ.ಮೀ. ವೃತ್ತಕ್ಕೆ ಗುರಿಯಿಡುತ್ತಾರೆ. ನಾನು ಹತ್ತು ಮೀಟರಿನಿಂದ, ಗೋಣಿಚೀಲಕ್ಕೆ. ಮೊದಲ ವಾರ ಹೆದೆ ಬಡಿದು ಮುಂಗೈಯೆಲ್ಲ ಬದನೆಕಾಯಿ ಬಣ್ಣ. ಮೊಣಕೈ ತುಸು ಹೊರಳಿಸಿದೆ, ಏಟು ನಿಂತಿತು. ಗೋಣಿಚೀಲಕ್ಕೆ ಮಾತ್ರ ಇನ್ನೂ ಗಾಯವಿಲ್ಲ.

ಕಳೆದ ಭಾನುವಾರ ಬರಿಗೈಲಿ ಅಭಯಾರಣ್ಯಕ್ಕೆ ಹೋಗಿದ್ದೆ. ಹುಲ್ಲಿನಾಚೆ ಚಿಂಕಾರವೊಂದು ಕತ್ತೆತ್ತಿ ನನ್ನನ್ನೇ ನೋಡಿತು, ಬಾಲ ಆಡಿಸಿತು, ಮತ್ತೆ ಮೇಯತೊಡಗಿತು. ನನ್ನ ಗುರಿಯ ಸುದ್ದಿ ಅಲ್ಲಿಗೂ ಮುಟ್ಟಿರಬೇಕು.