ಇದ್ದೂ ಇಲ್ಲದ ಡಿವಿಡಿ ಡ್ರೈವ್

ಲಿನಕ್ಸ್ ಲೋಕದಲ್ಲಿ ಯಂತ್ರ ಕಣ್ಣೆದುರು ಇದ್ದರಷ್ಟೇ ಸಾಲದು. ‘ಡೆವ್’ ಎಂಬ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಅದರ ಹೆಸರಿನ ಫೈಲೂ ಇರಬೇಕು. ನಮ್ಮ ಚಿಕ್ಕಪ್ಪ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ನಡೆದುಕೊಂಡೇ ಹೋಗಿ, ತಾವು ಬದುಕಿರುವುದಾಗಿ ಬರೆದು ಕೊಟ್ಟು ಬರುತ್ತಾರಲ್ಲ, ಹಾಗೆ. ಕೌಂಟರಿನ ಮುಂದೆ ನಿಂತು ಎಷ್ಟು ಕೆಮ್ಮಿದರೂ ಕಾಗದವಿಲ್ಲದೆ ಪಿಂಚಣಿ ಇಲ್ಲ.

ಡಿವಿಡಿ ಡ್ರೈವಿನ ಪಾಲಿಗೆ ಆ ಕಾಗದ ‘ಎಸ್‌ಆರ್‌0’. ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಅದಕ್ಕೆ ಅಂಟಿಕೊಂಡಿರುವುದು ಎರಡೇ ಅಂಕಿ: 11 ಮತ್ತು 0. ಯಾವ ಡ್ರೈವರ್ ಇದನ್ನು ನೋಡಿಕೊಳ್ಳಬೇಕು ಎನ್ನುವುದು ಮೊದಲನೆಯದು, ಆ ಪೈಕಿ ಇದು ಎಷ್ಟನೆಯ ಡ್ರೈವ್ ಎನ್ನುವುದು ಎರಡನೆಯದು. ಐಡಿಇ ಕೇಬಲ್ಲಿನ ಕಾಲದಲ್ಲಿ ಇದೇ ಡ್ರೈವು ಹೆಚ್ಚಾಗಿ ‘ಎಚ್‌ಡಿಸಿ’ ಎಂದು ಕರೆಸಿಕೊಳ್ಳುತ್ತಿತ್ತು. ಲಿನಕ್ಸಿನ ತಿರುಳಿಗೆ ಕರ್ನಲ್ ಎಂದು ಹೆಸರು; 2021ರಲ್ಲಿ ಬಂದ 5.14ನೇ ಕರ್ನಲ್ಲಿನಿಂದ ಆ ಹಳೆಯ ಐಡಿಇ ಡ್ರೈವರುಗಳನ್ನೇ ಕಿತ್ತುಹಾಕಿದರು. ‘ಸಿಡಿರಾಮ್’ ಎಂದು ಈಗಲೂ ಕಾಣುವುದು ಬರೀ ಅಡ್ಡಹೆಸರು.

ಇಷ್ಟೆಲ್ಲ ತಿಳಿದುಕೊಳ್ಳಬೇಕಾಗಿ ಬಂದದ್ದೂ ಚಿಕ್ಕಪ್ಪನಿಂದಲೇ. ಹಬ್ಬದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವಾಗ ನನ್ನ ಹೆಂಡತಿ, “ಚಿಕ್ಕಮಾವ, ನೀವು ನಮ್ಮ ಧಾರೆಗೇ ಬಂದಿರಲಿಲ್ಲ” ಅಂದುಬಿಟ್ಟಳು. “ಮಂಟಪದ ಪಕ್ಕದಲ್ಲೇ ನಿಂತಿದ್ದೆ ಕಣಮ್ಮ!” ಎಂದು ಅವರು ಎದೆ ತಟ್ಟಿಕೊಂಡರು. ಸಾಕ್ಷಿ ಮದುವೆಯ ಡಿವಿಡಿಯಲ್ಲಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಲು ಬಾಯಿಯೇ ಇಲ್ಲ. ಪಕ್ಕದ ಮನೆಯಿಂದ ಯುಎಸ್‌ಬಿ ಡ್ರೈವ್ ಬಂತು. ಟ್ರೇ ಹೊರಬಂತು, ಒಳಹೋಯಿತು, ದೀಪ ಮಿನುಗಿತು, ಡಿಸ್ಕು ಗುರ್ರೆಂದಿತು. ಎಸ್‌ಆರ್‌0 ಮಾತ್ರ ಹುಟ್ಟಲಿಲ್ಲ.

“ಏನ್ರೀ, ತಿರುಗ್ತಾ ಇದೆಯಲ್ಲ?”

“ತಿರುಗೋದು ಅದರ ಪಾಡಿಗೆ ಅದು. ಕರ್ನಲ್‌ಗೆ ಗೊತ್ತಾಗಬೇಕು.”

“ಕರ್ನಲ್ ಯಾರಪ್ಪ? ಮಿಲಿಟರಿಯವರಾ?” ಎಂದು ಚಿಕ್ಕಪ್ಪ ಸೆಟೆದು ಕೂತರು.

ತನಿಖೆಗೆ ಕ್ರಮವಿದೆ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಕಮಾಂಡನ್ನು ಕೇಳಿದರೆ ಸಾಧನ ಬಂದಿದೆ ಎಂದಿತು. ಅಂದರೆ ಕೇಬಲ್ ನಿರಪರಾಧಿ. ಕರ್ನಲ್ಲಿನ ದಿನಚರಿಯಾದ ‘ಡಿಮೆಸೇಜ್’ ಕೂಡ ಹೊಸ ಸಾಧನದ ಆಗಮನವನ್ನು ದಾಖಲಿಸಿ, ಆಮೇಲೆ ಮೌನ ತಾಳಿತ್ತು. ‘ಎಲ್‌ಎಸ್‌ಮಾಡ್’ ಕೊಟ್ಟ ಹಾಜರಿ ಪಟ್ಟಿಯಲ್ಲಿ ‘ಎಸ್‌ಆರ್ ಮಾಡ್’ ಎಂಬ ಮಾಡ್ಯೂಲು ಗೈರು. ಸಿಡಿ, ಡಿವಿಡಿಗಳ ಉಸ್ತುವಾರಿಯೆಲ್ಲ ಅದರದೇ. ‘ಮಾಡ್‌ಪ್ರೋಬ್’ ಮೂಲಕ ಕರೆ ಕಳಿಸಿದರೆ, ಅಂಥವರು ಈ ವಿಳಾಸದಲ್ಲಿಲ್ಲ ಎಂಬ ಉತ್ತರ.

ಕಾರಣ ಸ್ವಾರಸ್ಯದ್ದು. ಬೆಳಿಗ್ಗೆ ಅಪ್‌ಡೇಟ್ ನಡೆದಿತ್ತು. ಡಿಸ್ಕಿಗೆ ಹೊಸ ಕರ್ನಲ್ ಬಂದು, ಹಳೆಯದರ ಮಾಡ್ಯೂಲುಗಳ ಫೋಲ್ಡರು ಅಳಿಸಿಹೋಗಿತ್ತು. ಮೆಮೊರಿಯಲ್ಲಿ ಓಡುತ್ತಿದ್ದದ್ದು ಮಾತ್ರ ಹಳೆಯ ಕರ್ನಲ್ಲೇ. ‘ಯುನೇಮ್’ ತೋರಿಸಿದ ಸಂಖ್ಯೆಗೂ ಡಿಸ್ಕಿನ ಫೋಲ್ಡರಿನ ಸಂಖ್ಯೆಗೂ ತಾಳೆಯಾಗಲಿಲ್ಲ. ಮೊದಲೇ ಮೆಮೊರಿ ಸೇರಿದ್ದ ಮಾಡ್ಯೂಲುಗಳು ಆರಾಮವಾಗಿದ್ದವು; ತಡವಾಗಿ ಬಂದ ಡಿವಿಡಿ ಡ್ರೈವಿಗೆ ಬಾಗಿಲು ತೆರೆಯುವವರಿರಲಿಲ್ಲ. ತಿಂಗಳುಗಟ್ಟಲೆ ರೀಸ್ಟಾರ್ಟ್ ಮಾಡದೆ ಯಂತ್ರ ಓಡಿಸುವುದು ಲಿನಕ್ಸ್‌ನವರಿಗೆ ಪ್ರತಿಷ್ಠೆಯ ವಿಷಯ. ಇಲ್ಲಿ ರೀಸ್ಟಾರ್ಟ್ ಒಂದೇ ಮದ್ದು.

ಯಂತ್ರ ಮತ್ತೆ ಎದ್ದಾಗ ಎಸ್‌ಆರ್‌0 ಸರಿಯಾದ ಜಾಗದಲ್ಲಿತ್ತು. ಧಾರೆಯನ್ನು ಹಿಂದಕ್ಕೆ ಮುಂದಕ್ಕೆ ಎಳೆದಾಡಿ ನೋಡಿದೆವು. ಚಿಕ್ಕಪ್ಪ ಇರಲಿಲ್ಲ. ಅಕ್ಷತೆ ಬೀಳುತ್ತಿದ್ದಂತೆ ಕ್ಯಾಮೆರಾ ಊಟದ ಮನೆಗೆ ಹೊರಳಿತು. ಮೊದಲ ಪಂಕ್ತಿಯ ಮೊದಲ ಎಲೆಯಲ್ಲಿ ಅವರು ಪಾಯಸ ಸುರಿಯುತ್ತಿದ್ದರು. “ಛತ್ರದಲ್ಲಿ ಇದ್ದೆನೋ ಇಲ್ಲವೋ?” ಎಂದು ಗೆದ್ದವರಂತೆ ಎದ್ದು ಹೋದರು.

ಓದುಗರೇ, ಮನೆಯಲ್ಲಿ ಬರೆಸಿಟ್ಟ ಡಿವಿಡಿಗಳಿದ್ದರೆ ಇಂದೇ ನಕಲು ಮಾಡಿಕೊಳ್ಳಿ. ಅವುಗಳ ಒಳಗಿನ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ, ಓದುವ ಡ್ರೈವುಗಳೂ ಅಪರೂಪವಾಗುತ್ತಿವೆ. ಮಾಮೂಲಿ ಡಿವಿಡಿಯೊಂದರಲ್ಲಿ 4.7 ಜಿಬಿ ಹಿಡಿಸುತ್ತದೆ. 32 ಜಿಬಿಯ ಪೆನ್‌ಡ್ರೈವ್ ಒಂದಿದ್ದರೆ ಅಂಥ ಆರು ಮದುವೆ ಧಾರಾಳವಾಗಿ ನಡೆಯುತ್ತವೆ.