ಫ್ಯಾಷನ್ ಪತ್ರಿಕಾ ಪ್ರವೇಶ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ, ನ್ಯೂಯಾರ್ಕಿನ ಫ್ಯಾಷನ್ ಪತ್ರಿಕೆಗಳಲ್ಲಿ ಕೆಲಸ ಹಿಡಿಯುವ ಬಗೆ. ಪ್ರಯೋಜನ: ಕೆಲಸ, ಅದು ಸಿಗದಿದ್ದಲ್ಲಿ ಚಿತ್ತಶುದ್ಧಿ. ಸಂಬಂಧ: ಸಂಬಂಧಿಕರು ಯಾರಾದರೂ ಅಲ್ಲಿದ್ದರೆ ಈ ಗ್ರಂಥ ಓದುವ ಅಗತ್ಯವಿಲ್ಲ. ಉಳಿದದ್ದು ಅಧಿಕಾರಿ, ಅಂದರೆ ಇದಕ್ಕೆ ಅರ್ಹರು ಯಾರು ಎಂಬ ಪ್ರಶ್ನೆ. ವಿದ್ವಾಂಸರು ಜುಟ್ಟು ಜುಟ್ಟು ಹಿಡಿದುಕೊಂಡಿರುವುದೆಲ್ಲ ಇಲ್ಲೇ.

ಕಾಲನಿರ್ಣಯದಲ್ಲಿ ಮತಭೇದವಿಲ್ಲ. ‘ಹಾರ್ಪರ್ಸ್ ಬಜಾರ್’ 1867ರದು, ‘ವೋಗ್’ 1892ರದು. ಎರಡೂ ನ್ಯೂಯಾರ್ಕಿನಲ್ಲೇ ಹುಟ್ಟಿದವು. 1909ರಲ್ಲಿ ‘ವೋಗ್’ ಅನ್ನು ಕೊಂಡ ಕಾಂಡೆ ನಾಸ್ಟ್ ಜಾಹೀರಾತಿನ ಮರ್ಮ ಬಲ್ಲವನು. ಓದುಗರು ಎಷ್ಟು ಮಂದಿ ಎಂಬುದಕ್ಕಿಂತ ಅವರ ಜೇಬು ಎಷ್ಟು ಭಾರ ಎಂಬುದು ಮುಖ್ಯ ಎಂಬುದು ಆತನ ದರ್ಶನ. ಓದುಗರಿಗೆಂದು ಹೊರಟ ಈ ದರ್ಶನ ಕಾಲಕ್ರಮದಲ್ಲಿ ನೌಕರರಿಗೂ ಅನ್ವಯವಾಯಿತೆಂಬುದು ಈ ಲೇಖಕನ ನಮ್ರ ಅಭಿಪ್ರಾಯ.

ಅರ್ಹತೆಯ ಬಗ್ಗೆ ಮೊದಲ ಮತ ನೃತ್ಯವಾದಿಗಳದು. 1936ರಲ್ಲಿ ಡಯಾನಾ ವ್ರೀಲ್ಯಾಂಡ್ ಎಂಬಾಕೆ ಸೇಂಟ್ ರೀಜಿಸ್ ಹೋಟೆಲಿನ ತಾರಸಿಯಲ್ಲಿ ಶನೆಲ್‌ನ ಬಿಳಿ ಲೇಸಿನ ಉಡುಪು ತೊಟ್ಟು, ತಲೆಗೆ ಗುಲಾಬಿ ಮುಡಿದು ಕುಣಿಯುತ್ತಿದ್ದರು. ಅದು ‘ಬಜಾರ್’ನ ಸಂಪಾದಕಿ ಕಾರ್ಮೆಲ್ ಸ್ನೋ ಕಣ್ಣಿಗೆ ಬಿತ್ತು, ಕೆಲಸಕ್ಕೆ ಕರೆ ಬಂತು. ತಾನು ಯಾವ ಕಚೇರಿಯ ಮುಖವನ್ನೂ ಕಂಡವಳಲ್ಲ, ಮಧ್ಯಾಹ್ನದ ಊಟದ ಹೊತ್ತಿನವರೆಗೆ ಬಟ್ಟೆ ತೊಟ್ಟು ಸಿದ್ಧಳಾಗುವ ರೂಢಿಯೂ ಇಲ್ಲ ಎಂದು ಆಕೆ ಹೇಳಿಕೊಂಡರೂ ಕೇಳುವವರಿಲ್ಲ. ಅರ್ಜಿ, ಅಂಕಪಟ್ಟಿ, ಗೆಜೆಟೆಡ್ ಅಧಿಕಾರಿಯ ಮೊಹರು, ಯಾವುದೂ ಬೇಡವಾಯಿತು. ಆಮೇಲೆ ಆಕೆ ಬರೆದ ಸಲಹೆಗಳ ಅಂಕಣದಲ್ಲಿ ಒಂದು, ಮಗುವಿನ ಹೊಂಗೂದಲನ್ನು ಉಳಿದು ಚಪ್ಪೆಯಾದ ಷಾಂಪೇನಿನಲ್ಲಿ ತೊಳೆಯಬಾರದೇಕೆ ಎಂಬುದು. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದಿಂದ ಇನ್ನೂ ಮೇಲೆದ್ದಿರಲಿಲ್ಲ. ಸೀಗೆಕಾಯಿಗೆ ಇದು ಪರ್ಯಾಯವೇ ಎಂಬುದನ್ನು ಆಯುರ್ವೇದ ವಿಭಾಗದವರಿಗೆ ಬಿಡಲಾಗಿದೆ.

ಈ ಮತದಲ್ಲಿ ದೋಷ ಒಂದೇ. ಶನೆಲ್ ತೊಟ್ಟು ಆ ತಾರಸಿಯವರೆಗೆ ತಲುಪುವುದು ಹೇಗೆ ಎಂದು ನೃತ್ಯವಾದಿಗಳು ಹೇಳುವುದಿಲ್ಲ. ಪತಿ ಬ್ಯಾಂಕಿನಲ್ಲಿದ್ದರೆಂಬುದು ಅಡಿಟಿಪ್ಪಣಿಗೆ ಸೇರಬೇಕಾದ ಮಾತು. ಅಡಿಟಿಪ್ಪಣಿಗೆ ಜಾಗವಿಲ್ಲದ್ದರಿಂದ ಇಲ್ಲೇ ಹೇಳಿದೆ.

ಎರಡನೆಯ ಮತ, ಫ್ರೆಂಚ್ ಕವಿಯೊಬ್ಬನ ಹೆಸರು ಹೊತ್ತ ಬೋದಿಲೇರ್‌ವಾದ. ಈ ಲೇಖಕನ ಒಲವು ಇತ್ತಲೇ. ‘ವೋಗ್’ ಕಾಲೇಜು ಹುಡುಗಿಯರಿಗಾಗಿ ‘ಪ್ರಿ ದ ಪ್ಯಾರಿ’ ಎಂಬ ಬರವಣಿಗೆಯ ಸ್ಪರ್ಧೆ ನಡೆಸುತ್ತಿತ್ತು. ಗೆದ್ದವರಿಗೆ ಪತ್ರಿಕೆಯಲ್ಲೇ ಕೆಲಸ. ಸಾವಿರಕ್ಕೂ ಮಿಕ್ಕ ಸ್ಪರ್ಧಿಗಳ ನಡುವೆ 1951ರಲ್ಲಿ ಗೆದ್ದ ಜಾಕ್ವೆಲಿನ್ ಬೂವಿಯೆ, ತನಗೆ ಪರಿಚಯವಿರಬೇಕಿತ್ತು ಎನ್ನಿಸುವ ಮೂವರಲ್ಲಿ ಬೋದಿಲೇರನನ್ನು ಹೆಸರಿಸಿದ್ದರು. ಮುಂದೆ ‘ವೋಗ್’ನಲ್ಲಿ ದೊಡ್ಡ ಹೆಸರಾದ ಆಂದ್ರೆ ಲಿಯಾನ್ ಟ್ಯಾಲಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಹಿಡಿದು ಕೂತದ್ದೂ ಬೋದಿಲೇರನನ್ನೇ. ಮೂರನೆಯ ದೃಷ್ಟಾಂತ ನಮ್ಮಲ್ಲೇ ಇದೆ. ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಪಿ. ಲಂಕೇಶರು 1980ರಲ್ಲಿ ಪತ್ರಿಕೆಯನ್ನೇ ಹೊರಡಿಸಿದರು. ಅದು ಫ್ಯಾಷನ್ ಪತ್ರಿಕೆಯಲ್ಲ, ಜಾಹೀರಾತನ್ನು ಹತ್ತಿರವೂ ಸೇರಿಸಲಿಲ್ಲ ಎಂಬ ಆಕ್ಷೇಪ ಕ್ಷುಲ್ಲಕ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರು, ಎಲ್ಲೆಲ್ಲಿ ಬೋದಿಲೇರನೋ ಅಲ್ಲಲ್ಲಿ ಪತ್ರಿಕೆ ಎಂಬ ವ್ಯಾಪ್ತಿಯನ್ನೂ ಒಪ್ಪಲೇಬೇಕು.

ಇಷ್ಟು ಚೆಂದದ ವ್ಯಾಪ್ತಿಯನ್ನು ಆನಾ ವಿಂಟೂರ್ ಕೆಡಿಸಿದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಈಕೆ, ಒಂಬತ್ತು ತಿಂಗಳಿಗೆ ‘ಬಜಾರ್’ನಿಂದ ಹೊರಹಾಕಿಸಿಕೊಂಡವರು, 1988ರಲ್ಲಿ ‘ವೋಗ್’ನ ಸಂಪಾದಕಿಯಾಗಿ ಕೂತರು. ಮೊದಲ ಮುಖಪುಟದಲ್ಲಿ ರೂಪದರ್ಶಿಯ ಮೈಮೇಲೆ ಡಿಸೈನರ್ ಲಕ್ರುವಾನ ದುಬಾರಿ ಜಾಕೆಟ್, ಕೆಳಗೆ ಬಣ್ಣ ಮಾಸಿದ ಜೀನ್ಸ್. ಜಾಕೆಟ್ಟಿಗೆ ಜೊತೆಯಾಗಿದ್ದ ಲಂಗ ಆ ಹುಡುಗಿಗೆ ಬಿಗಿಯಾಯಿತು, ಅಷ್ಟೇ ಕಾರಣ. ಏನೋ ಎಡವಟ್ಟಾಗಿದೆಯೆಂದು ಮುದ್ರಣಾಲಯದವರು ಫೋನ್ ಮಾಡಿ ವಿಚಾರಿಸಿದರಂತೆ. ಬೋದಿಲೇರನ ಸುಳಿವೇ ಇಲ್ಲದ ಈ ಪ್ರಸಂಗವನ್ನು ಪರಿಹರಿಸುವುದು ಹೇಗೆ? ಈಕೆಯ ತಂದೆ ಚಾರ್ಲ್ಸ್ ವಿಂಟೂರ್ ಲಂಡನ್ನಿನ ‘ಈವನಿಂಗ್ ಸ್ಟ್ಯಾಂಡರ್ಡ್’ನ ಸಂಪಾದಕರಾಗಿದ್ದವರು. ಇದನ್ನು ಪ್ರಾರಬ್ಧ ಕರ್ಮದ ಖಾತೆಗೆ ಹಾಕಿದರೆ ಸಿದ್ಧಾಂತಕ್ಕೆ ಧಕ್ಕೆಯಿಲ್ಲ.

ಅಂಥ ಪ್ರಾರಬ್ಧವಿಲ್ಲದವರಿಗೆ ಸೇವಾಮಾರ್ಗ. ಹಿಂದಿನ ಶಿಷ್ಯ ಗುರುವಿನ ಬಳಿಗೆ ಸಮಿತ್ತು ಹಿಡಿದು ಹೋಗುತ್ತಿದ್ದ, ಸಮಿತ್ಪಾಣಿ; ಇಲ್ಲಿಯವನು ಕಾಫಿಪಾಣಿ. ಹೆಸರು ಇಂಟರ್ನ್. ತಪೋಭೂಮಿ ‘ಫ್ಯಾಷನ್ ಕ್ಲಾಸೆಟ್’ ಎಂಬ ಬಟ್ಟೆಕೋಣೆ. ಡಿಸೈನರ್‌ಗಳು ಎರವಲು ಕಳಿಸಿದ ಸ್ಯಾಂಪಲ್‌ಗಳು ಅಲ್ಲಿಗೆ ಬಂದು, ಶೂಟಿಂಗಿಗೆ ಹೋಗಿ, ಮರಳಿ, ಎಣಿಕೆ ತಪ್ಪದೆ ಒಡೆಯರ ಮನೆ ಸೇರಬೇಕು. ಪಟ್ಟಿ ಬರೆಯುವುದು, ಇಸ್ತ್ರಿ ಮಾಡುವುದು, ಟ್ರಂಕು ತುಂಬುವುದು, ಓಲೆಯ ಜೋಡಿಯಲ್ಲಿ ಒಂದು ಕಾಣೆಯಾದರೆ ನೆಲದ ಮೇಲೆ ತೆವಳುವುದು, ಇವು ಸಾಧನಚತುಷ್ಟಯ. ಟ್ಯಾಲಿ ಕೂಡ ಬೋದಿಲೇರನನ್ನು ಬಗಲಲ್ಲಿಟ್ಟುಕೊಂಡು 1974ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಉಡುಪು ವಿಭಾಗಕ್ಕೆ ಸಂಬಳವಿಲ್ಲದೆಯೇ ಬಂದವರು. ಅಲ್ಲಿದ್ದ ಗುರು ಮತ್ತಾರೂ ಅಲ್ಲ, ತಾರಸಿಯ ವ್ರೀಲ್ಯಾಂಡ್. ಲೋಹದ ಬಿಲ್ಲೆಗಳು ತುಂಬಿದ ಒಂದು ಶೂ ಡಬ್ಬ, ಒಂದು ಇಕ್ಕಳ ಕೈಗಿತ್ತರು. ಅದು ನಟಿ ಲಾನಾ ಟರ್ನರ್ ಸಿನಿಮಾದಲ್ಲಿ ತೊಟ್ಟ ಉಡುಪು, ಜೋಡಿಸಬೇಕಿತ್ತು. ಜೋಡಿಸಿದರು, ಉದ್ಧಾರವಾದರು. ಅವರನ್ನು ಸಾಕಿದ ಅಜ್ಜಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಸಗುಡಿಸುವ ಕೆಲಸದಲ್ಲಿದ್ದವರು. ಹಾಗಾಗಿ ಯಾರಾದರೂ ‘ಬಡವರಿಗೂ ಬಾಗಿಲು ತೆರೆದಿದೆ’ ಎನ್ನಬೇಕಾದಾಗಲೆಲ್ಲ ಟ್ಯಾಲಿಯವರನ್ನೇ ಉದಾಹರಿಸುತ್ತಾರೆ. ಎರಡನೆಯ ಉದಾಹರಣೆ ಕೇಳುವುದು ಶಾಸ್ತ್ರದಲ್ಲಿ ಅವಿನಯ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಈತ ಬಹುಮಟ್ಟಿಗೆ ಅಭ್ಯರ್ಥಿಯ ತಂದೆ. ‘ಅದೆಲ್ಲ ಸರಿ ಸ್ವಾಮಿ, ಸಂಬಳ ಎಷ್ಟು?’

ಪ್ರಶ್ನೆ ಒರಟಾದರೂ ನ್ಯಾಯಾಲಯದವರೆಗೆ ಹೋದದ್ದು. ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಆದ 2009ರಲ್ಲಿ, ಕಾಂಡೆ ನಾಸ್ಟ್ ಕಂಪನಿಯ ‘ಡಬ್ಲ್ಯೂ’ ಪತ್ರಿಕೆಯಲ್ಲಿ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ದುಡಿದದ್ದಕ್ಕೆ ದಿನಕ್ಕೆ 12 ಡಾಲರ್ ಸಿಕ್ಕಿತೆಂಬುದು 2013ರ ಒಂದು ದಾವೆಯ ದೂರು. ಗುರುಕುಲ ಏನು ಮಾಡಿತು? ಶಿಷ್ಯರಿಗೆ ಸಂಬಳ ಕೊಡುವ ಬದಲು ಶಿಷ್ಯವೃತ್ತಿಯನ್ನೇ ನಿಲ್ಲಿಸಿತು. ಮರುವರ್ಷ 58 ಲಕ್ಷ ಡಾಲರಿಗೆ ರಾಜಿಯಾಯಿತು. ವೈರಾಗ್ಯವನ್ನು ಗಂಟೆಯ ಲೆಕ್ಕದಲ್ಲಿ ಅಳೆದದ್ದು ಶಾಸ್ತ್ರದ ಇತಿಹಾಸದಲ್ಲಿ ವಿರಳ.

‘ಅಲ್ಲೇ ಯಾಕೆ, ಮುಂಬೈಯಲ್ಲಿಲ್ಲವೇ?’ ಎಂದರೆ, ಉಂಟು. ‘ಎಲ್’ 1996ರಲ್ಲಿ, ‘ವೋಗ್’ 2007ರಲ್ಲಿ ಭಾರತಕ್ಕೆ ಬಂದವು. ಆದರೆ ಮುಂಬೈ ಎಂದೊಡನೆ ಪೂರ್ವಪಕ್ಷಿ ಸಂಬಳ ಬಿಟ್ಟು ಮನೆ ಬಾಡಿಗೆಯ ಕಡೆ ಹೊರಳುತ್ತಾನೆ. ಆಗಲೇ ಸಿದ್ಧಾಂತ ಹೊಳೆಯುವುದು: ಯಾರ ಬಾಡಿಗೆಯನ್ನು ಬೇರೆ ಯಾರೋ ಕಟ್ಟುತ್ತಾರೋ ಅವರೇ ಅಧಿಕಾರಿ. ನೃತ್ಯ, ಬೋದಿಲೇರ್, ಇಕ್ಕಳ ಇವೆಲ್ಲ ಸಹಕಾರಿ ಕಾರಣಗಳು.

ಕೊನೆಗೆ ಫಲವಿಚಾರ. ಮುಕ್ತಿ ಎರಡು ವಿಧ. ಕ್ರಮಮುಕ್ತಿಗೆ ನಿದರ್ಶನ ಜೋನ್ ಡಿಡಿಯನ್. 1956ರಲ್ಲಿ ಅದೇ ‘ಪ್ರಿ ದ ಪ್ಯಾರಿ’ ಗೆದ್ದು ‘ವೋಗ್’ ಸೇರಿ, ಎಂಟು ಸಾಲಿನ ಚಿತ್ರಶೀರ್ಷಿಕೆಯಲ್ಲಿ ಒಂದು ಅಲ್ಪವಿರಾಮವೂ ಸುಮ್ಮನೆ ಕೂರಬಾರದೆಂಬ ಶಿಕ್ಷಣ ಪಡೆದು, ವರ್ಷಗಟ್ಟಲೆ ಸವೆದು, ದೊಡ್ಡ ಲೇಖಕಿಯಾಗಿ ಹೊರಬಿದ್ದರು. ಸದ್ಯೋಮುಕ್ತಿಗೆ ನಿದರ್ಶನ ಬೂವಿಯೆ. ಜೀವನಚರಿತ್ರಕಾರರ ಪ್ರಕಾರ ಆಕೆ ಮೊದಲ ದಿನವೇ ಕೆಲಸ ಬಿಟ್ಟು, ಮುಂದೆ ಕೆನಡಿಯವರನ್ನು ಮದುವೆಯಾಗಿ, ಆ ಪತ್ರಿಕೆಗಳೇ ತನ್ನ ಉಡುಪನ್ನು ಹಿಂಬಾಲಿಸುವಂತೆ ಮಾಡಿದರು. ಇವರಿಬ್ಬರಲ್ಲಿ ಯಾರದು ಉತ್ತಮ ಗತಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಆ ಸ್ಪರ್ಧೆಯಲ್ಲಿ ಸೋತವರ ಬರಹಗಳಲ್ಲಿ ಬೋದಿಲೇರ ಎಷ್ಟು ಸಲ ಬಂದಿದ್ದ ಎಂಬುದು ಮುಂದಿನ ಸಂಪುಟದ ವಿಷಯ. ಅದಕ್ಕೆ ಚುರುಕಾದ ಸಂಶೋಧನಾ ಸಹಾಯಕರು ಬೇಕಾಗಿದ್ದಾರೆ. ಫ್ರೆಂಚ್ ಬಲ್ಲವರಿಗೆ ಆದ್ಯತೆ. ಅನುಭವ ಸಿಗುತ್ತದೆ, ಊಟ, ವಸತಿ, ಬಸ್ ಚಾರ್ಜು ಅವರವರದೇ.