ಪ್ರತಿಭಾಕರ್ಷಣ ಮೀಮಾಂಸೆ

ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ಸಿಇಟಿ ಸೀಟು ಹಂಚಿಕೆಯ ಕೊನೆಯ ಸುತ್ತಿನವರೆಗೆ ಕರ್ನಾಟಕದಲ್ಲಿ ಒಂದು ಬಲ ಸಂಚರಿಸುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಬಲ ಹಾಸನದ ಹುಡುಗಿಯನ್ನು ಬೆಂಗಳೂರಿಗೂ, ಬೆಂಗಳೂರಿನ ಹುಡುಗನನ್ನು ಸುರತ್ಕಲ್ಲಿಗೂ, ಸುರತ್ಕಲ್ಲಿನವನನ್ನು ಮುಂಬೈಯ ಪೊವಾಯಿಗೂ ಎಳೆದೊಯ್ಯುತ್ತದೆ. ನ್ಯೂಟನ್ನನ ನಿಯಮದಲ್ಲಿ ದೂರ ಹೆಚ್ಚಿದಂತೆ ಆಕರ್ಷಣೆ ತಗ್ಗುತ್ತದೆ. ಇಲ್ಲಿ ದೂರ ಹೆಚ್ಚಿದಷ್ಟೂ ಸೆಳೆತ ಜಾಸ್ತಿ, ಹಾಸ್ಟೆಲ್ ಫೀ ಪ್ರತ್ಯೇಕ. ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಒಂದು ವಿದ್ಯಾಸಂಸ್ಥೆ ಎಷ್ಟರಮಟ್ಟಿಗೆ ಸೆಳೆಯುತ್ತದೆ, ಅದನ್ನು ಅಳೆಯುವ ಕೋಲು ಯಾವುದು ಎಂಬುದೇ ಪ್ರಸ್ತುತ ಮೀಮಾಂಸೆಯ ವಿಷಯ.

ಇಲ್ಲಿ ಪೂರ್ವಪಕ್ಷದವರು ಎದ್ದುನಿಂತು, "ಎನ್‌ಐಆರ್‌ಎಫ್ ಇದೆಯಲ್ಲ?" ಎನ್ನುತ್ತಾರೆ. ಇದೆ. 2016ರಿಂದ ಕೇಂದ್ರ ಸರ್ಕಾರ ಪ್ರಕಟಿಸುತ್ತಿರುವ ವಿದ್ಯಾಸಂಸ್ಥೆಗಳ ಆ ಶ್ರೇಯಾಂಕ ಪಟ್ಟಿ ಬೋಧನೆ, ಸಂಶೋಧನೆ, ಪದವಿ ಮುಗಿಸಿದವರ ಗತಿ, ಒಳಗೊಳ್ಳುವಿಕೆ, ಜನಾಭಿಪ್ರಾಯ ಎಂಬ ಐದು ತಕ್ಕಡಿಗಳಲ್ಲಿ ತೂಗುತ್ತದೆ. ಒಳಗೆ ಕಾಲಿಟ್ಟ ವಿದ್ಯಾರ್ಥಿಯ ಪ್ರವೇಶ ಪರೀಕ್ಷೆಯ ಅಂಕ ಎಷ್ಟೆಂದು ಕೇಳುವ ಆರನೆಯ ತಕ್ಕಡಿ ಅಲ್ಲಿಲ್ಲ. ಇದ್ದಿದ್ದರೆ ಅನಾಹುತವಾಗುತ್ತಿತ್ತು. ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಆರಂಭದಿಂದಲೂ ಅಗ್ರಸ್ಥಾನದಲ್ಲಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಪಿಯುಸಿ ಮುಗಿಸಿದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿ ಕೋರ್ಸ್ ತೆರೆದದ್ದು 2011ರಲ್ಲಿ. ಅಂದರೆ ಸಿ.ವಿ. ರಾಮನ್ ನಿರ್ದೇಶಕರಾಗಿದ್ದ ಕಾಲವೂ ಸೇರಿದಂತೆ ಒಂದು ಶತಮಾನ ಪೂರ್ತಿ ಆ ಸಂಸ್ಥೆಯ ಪ್ರತಿಭಾಕರ್ಷಣೆ ನಮ್ಮ ಶಾಸ್ತ್ರದ ಪ್ರಕಾರ ಸೊನ್ನೆ. ಆ ಶತಮಾನದಲ್ಲಿ ಅಲ್ಲಿ ನಡೆದ ವಿಜ್ಞಾನವನ್ನು ಈ ಮೀಮಾಂಸೆ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಲೋಕರೂಢಿಯ ಅಳತೆಗೋಲು ಕಟ್-ಆಫ್. ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತೋ ಅದೇ ಕಾಲೇಜಿನ ಮಾನ. ಮೊದಲ ರ‍್ಯಾಂಕಿನ ಹುಡುಗಿ ಬಂದಿದ್ದರೂ ಲೆಕ್ಕಕ್ಕಿಲ್ಲ, ಸಂಸ್ಥೆಯ ಮರ್ಯಾದೆ ಕಟ್ಟಕಡೆಗೆ ಓಡಿಬಂದು ಸೀಟು ಹಿಡಿದವನ ಕೈಯಲ್ಲಿ. ಇದರಿಂದ ನೇರವಾಗಿ ಹೊರಡುವುದೇ ಏಕಸೀಟು ಸಿದ್ಧಾಂತ: ಸೀಟು ಕಡಿಮೆಯಾದಷ್ಟೂ ಕಟ್-ಆಫ್ ಏರುತ್ತದೆ, ಆದ್ದರಿಂದ ಒಂದೇ ಸೀಟಿರುವ ಕಾಲೇಜೇ ಪರಮಶ್ರೇಷ್ಠ. ಐಐಟಿ ಬಾಂಬೆಯ ಕಂಪ್ಯೂಟರ್ ಸೈನ್ಸ್‌ನ ಸಾಮಾನ್ಯ ವರ್ಗದ ಲಿಂಗತಟಸ್ಥ ಸೀಟುಗಳು ಕೆಲವು ವರ್ಷಗಳಿಂದ ಮೊದಲ 70 ರ‍್ಯಾಂಕಿನೊಳಗೇ ಖಾಲಿಯಾಗುತ್ತಿವೆ. ಅಷ್ಟು ಮಂದಿಯನ್ನು ಸೇರಿಸಿಕೊಳ್ಳುವ ಔದಾರ್ಯವನ್ನು ಬಿಟ್ಟಿದ್ದರೆ ಇನ್ನೂ ಮೇಲೇರಬಹುದಿತ್ತು. ನಮ್ಮ ಖಾಸಗಿ ಕಾಲೇಜುಗಳಿಗೆ ಈ ಸಿದ್ಧಾಂತ ಇನ್ನೂ ತಲುಪಿಲ್ಲ. 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ, ಉತ್ತಮ ಸಾಧನೆಯ ಸಂಸ್ಥೆಗಳಿಗೆ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಸಡಿಲಿಸಿದ್ದೇ ತಡ, ಕಂಪ್ಯೂಟರ್ ಸೈನ್ಸ್ ಹೊಸ ಹೊಸ ಸೆಕ್ಷನ್‌ಗಳಾಗಿ ಕವಲೊಡೆಯತೊಡಗಿದೆ. ಕಟ್-ಆಫ್ ತರುವುದು ಕೀರ್ತಿ, ಸೀಟು ತರುವುದು ಫೀ. ಇವೆರಡರ ನಡುವೆ ಆಡಳಿತ ಮಂಡಳಿಗಳು ಯಾವುದನ್ನು ಆರಿಸಿಕೊಂಡವು ಎಂದು ತಿಳಿಯಲು ವಿಶೇಷ ಸಂಶೋಧನೆ ಬೇಕಿಲ್ಲ.

ಅಳತೆಗೋಲು ತುದಿ ಮುಟ್ಟಿದರೆ ಏನಾಗುತ್ತದೆ? ಇದಕ್ಕೆ ದೆಹಲಿ ವಿಶ್ವವಿದ್ಯಾಲಯವೇ ಪ್ರಮಾಣ. 2011ರಲ್ಲಿ ಅಲ್ಲಿನ ಶ್ರೀರಾಮ್ ವಾಣಿಜ್ಯ ಕಾಲೇಜು, ಹನ್ನೆರಡನೆಯ ತರಗತಿಯಲ್ಲಿ ವಾಣಿಜ್ಯ ಓದದವರು ಬಿ.ಕಾಂ. ಆನರ್ಸ್‌ಗೆ ಬರಬೇಕಾದರೆ ಶೇ. 100 ಅಂಕ ತರಬೇಕೆಂದು ಪಟ್ಟಿ ಹಚ್ಚಿತು. 2020ರಲ್ಲಿ ಲೇಡಿ ಶ್ರೀರಾಮ್ ಕಾಲೇಜು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಃಶಾಸ್ತ್ರ ಮೂರಕ್ಕೂ ಶೇ. 100 ಕೇಳಿತು. ಮರುವರ್ಷ ಇನ್ನಷ್ಟು ಕಾಲೇಜುಗಳು ಈ ಹಾದಿ ಹಿಡಿದವು. ಕಟ್-ಆಫ್ ಮುಟ್ಟಿಬಂದವರನ್ನೆಲ್ಲ ಸೇರಿಸಿಕೊಳ್ಳಲೇಬೇಕೆಂಬುದು ಆಗಿನ ನಿಯಮ. ಹಾಗಾಗಿ ಆ ನೂರು ಕರೆಯೋಲೆಯಾಗಿರಲಿಲ್ಲ, ಒಳಗಿನಿಂದ ಹಾಕಿದ ಚಿಲಕವಾಗಿತ್ತು. ಆದರೂ 2021ರಲ್ಲಿ ಹಿಂದೂ ಕಾಲೇಜಿನ ರಾಜ್ಯಶಾಸ್ತ್ರಕ್ಕೆ ಕೇರಳದಿಂದ ನೂರಕ್ಕೆ ನೂರು ಹಿಡಿದ ಮಕ್ಕಳು ಇದ್ದ ಸೀಟುಗಳನ್ನೂ ಮೀರಿ ಬಂದಿಳಿದರು. ಶೇ. 101 ಕೇಳಲು ಯಾವ ಶಾಸ್ತ್ರದಲ್ಲೂ ಆಧಾರ ಇರಲಿಲ್ಲ. 2022ರಲ್ಲಿ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂತು.

ಕನ್ನಡಿಗರು ನಗುವ ಮೊದಲು ಅದೇ 2021ನ್ನು ನೆನೆಯಬೇಕು. ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ, ಎಲ್ಲರೂ ಪಾಸಾದರು, 2,239 ಮಂದಿಗೆ 600ಕ್ಕೆ 600 ಬಂತು. ಪರೀಕ್ಷೆ ಬರೆಯದೆಯೇ ಪೂರ್ಣಾಂಕ ಪಡೆಯುವುದು ಯೋಗಶಾಸ್ತ್ರದ ವ್ಯಾಪ್ತಿಗೆ ಬರುವ ಸಾಧನೆ. ಸಾಮಾನ್ಯವಾಗಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವ ಪರೀಕ್ಷಾ ಪ್ರಾಧಿಕಾರ (ಕೆಇಎ) ಆ ವರ್ಷ ಪಿಯು ಅಂಕದ ತಂಟೆಗೇ ಹೋಗಲಿಲ್ಲ. ಮುಂದಿನ ವರ್ಷ ಅದೇ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಬರಿಯ ಮಾಯೆಯೋ ಸತ್ಯವೋ ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು.

ಅಮೆರಿಕದ ಪಂಡಿತರು ಈ ಅಳತೆಯ ಪ್ರಶ್ನೆಯನ್ನು ಬೇರೆ ದಾರಿಯಿಂದ ಹೊಕ್ಕರು. ಅಲ್ಲಿ ಪ್ರವೇಶ ಸಿಕ್ಕವರಲ್ಲಿ ಎಷ್ಟು ಮಂದಿ ನಿಜಕ್ಕೂ ಸೇರಿದರು ಎಂಬುದೂ ಒಂದು ಅಳತೆ. ಇದರಲ್ಲಿ ಗೆಲ್ಲುವ ಉಪಾಯವೆಂದರೆ, ಹೇಗೂ ಹಾರ್ವರ್ಡ್‌ಗೆ ಹಾರಿಹೋಗುವ ಜಾಣನಿಗೆ ಪ್ರವೇಶವನ್ನೇ ಕೊಡದಿರುವುದು. ಜಾಣರನ್ನು ಸೆಳೆಯುವ ಶಕ್ತಿಯನ್ನು ಸಾಬೀತುಪಡಿಸಲು ಜಾಣರನ್ನೇ ಓಡಿಸುವ ಈ ವಿದ್ಯೆಗೆ ಮದ್ದು ಹುಡುಕುತ್ತ 2004ರಲ್ಲಿ ಎವೆರಿ, ಗ್ಲಿಕ್‌ಮನ್, ಹಾಕ್ಸ್‌ಬಿ, ಮೆಟ್ರಿಕ್ ಎಂಬ ನಾಲ್ವರು 3,240 ಪ್ರತಿಭಾವಂತ ವಿದ್ಯಾರ್ಥಿಗಳ ಆಯ್ಕೆಗಳನ್ನು ಚದುರಂಗದ ಪಂದ್ಯಗಳಂತೆ ಲೆಕ್ಕ ಹಾಕಿದರು. ಎರಡು ಕಡೆ ಸೀಟು ಸಿಕ್ಕ ವಿದ್ಯಾರ್ಥಿ ಒಂದನ್ನು ಆರಿಸಿಕೊಂಡರೆ ಅದು ಗೆದ್ದಿತು, ಇನ್ನೊಂದು ಸೋತಿತು. ಅವರಲ್ಲಿ ಗ್ಲಿಕ್‌ಮನ್ ನಿಜಕ್ಕೂ ಚದುರಂಗದ ರೇಟಿಂಗ್ ರೂಪಿಸಿದವರು. ಇಷ್ಟೆಲ್ಲ ಗಣಿತದ ಕೊನೆಗೆ ಮೊದಲ ಸ್ಥಾನ ಹಾರ್ವರ್ಡ್‌ಗೆ ಬಂತು. ಅದನ್ನು ಯಾವ ಟ್ಯಾಕ್ಸಿ ಚಾಲಕನಾದರೂ ಹೇಳುತ್ತಿದ್ದನಲ್ಲ ಎಂಬ ಆಕ್ಷೇಪ ಅವಿದ್ವಾಂಸರದು.

ನಮ್ಮಲ್ಲಿ ವಿದ್ಯಾರ್ಥಿಗಳ ಆಯ್ಕೆಯನ್ನು ಹೀಗೆ ಲೆಕ್ಕ ಹಾಕುವ ತೊಂದರೆಯೇ ಇಲ್ಲ. ಕೆಇಎ ಸೀಟು ಸಿಕ್ಕ ಪ್ರತಿ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆಗಳನ್ನಿಡುತ್ತದೆ. ಇವು ಚತುರ್ವಿಧ ಪುರುಷಾರ್ಥಗಳೊಂದಿಗೆ ಅದೇ ಕ್ರಮದಲ್ಲಿ ಕೂಡಿಬರುವುದು ಇದುವರೆಗೆ ವಿದ್ವಾಂಸರ ಗಮನಕ್ಕೆ ಬಾರದಿರುವುದು ಸೋಜಿಗ. ಚಾಯ್ಸ್-1, ಸಿಕ್ಕಿದ್ದಕ್ಕೆ ತೃಪ್ತನಾಗಿ ಹೋಗಿ ಸೇರುವುದು: ಧರ್ಮ. ಚಾಯ್ಸ್-2, ಸಿಕ್ಕಿದ್ದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ನಿಲ್ಲುವುದು: ಅರ್ಥ. ಚಾಯ್ಸ್-3, ಕೈಯಲ್ಲಿದ್ದುದನ್ನು ಬಿಟ್ಟು ಬಯಸಿದ್ದರ ಬೆನ್ನುಹತ್ತುವುದು: ಕಾಮ. ಚಾಯ್ಸ್-4, ಈ ಸಂಸಾರವೇ ಬೇಡವೆಂದು ಪ್ರಕ್ರಿಯೆಯಿಂದ ಹೊರಬರುವುದು: ಮೋಕ್ಷ. ಮೋಕ್ಷ ಪಡೆದವರಲ್ಲಿ ಹಲವರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಪುನರ್ಜನ್ಮ ಎತ್ತುತ್ತಾರೆ.

ಆದರೂ ಒಂದು ತೊಡಕು ಉಳಿಯುತ್ತದೆ. ಒಂದೇ ಕಾಲೇಜು, ಒಂದೇ ಕ್ಯಾಂಟೀನು, ಒಬ್ಬರೇ ಪ್ರಾಂಶುಪಾಲರು. ಕಂಪ್ಯೂಟರ್ ಸೈನ್ಸ್ ಮುಗಿದು ಎಷ್ಟೋ ಸಾವಿರ ರ‍್ಯಾಂಕ್ ದಾಟಿದ ಮೇಲೂ ಸಿವಿಲ್ ಸೀಟು ಸಿಗುತ್ತದೆ. ಹಾಗಾದರೆ ಸೆಳೆಯುವುದು ಕಾಲೇಜೋ ಶಾಖೆಯೋ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದ ಎಂ. ವಿಶ್ವೇಶ್ವರಯ್ಯ ಸಿವಿಲ್ ಓದಲು ಪುಣೆಗೆ ಹೋದರು. ಬೆಂಗಳೂರಿನ ಆಕರ್ಷಣ ಸೂಚ್ಯಂಕಕ್ಕೆ ಆ ವರ್ಷ ಬಿದ್ದ ಪೆಟ್ಟು ಸಣ್ಣದಲ್ಲ. ದಿವಾನರಾದ ಮೇಲೆ 1917ರಲ್ಲಿ ಅವರು ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆದರು. ಈಗ ಅವರದೇ ಹೆಸರು ಹೊತ್ತು ಕೆ.ಆರ್. ವೃತ್ತದಲ್ಲಿರುವ ಆ ಯುವಿಸಿಇಯಲ್ಲಿ ಸಿವಿಲ್ ಸೀಟು ಸಿಕ್ಕ ಮಗನಿಗೆ ಮನೆಯವರು "ಪರವಾಗಿಲ್ಲ ಬಿಡು, ಮುಂದಿನ ಸುತ್ತಿನಲ್ಲಿ ನೋಡೋಣ" ಎನ್ನುತ್ತಾರೆ.

ಶಾಖೆಯ ಪ್ರಭಾವವನ್ನು ಕಳೆದು, ಫೀಯನ್ನು ಕಳೆದು, ಮೆಟ್ರೊ ನಿಲ್ದಾಣದ ದೂರವನ್ನು ಕಳೆದು, ಪಕ್ಕದ ಮನೆಯವರ ಮಗಳು ಎಲ್ಲಿ ಸೇರಿದಳು ಎಂಬುದನ್ನೂ ಕಳೆದರೆ ಉಳಿಯುವ ಶೇಷವೇ ಸಂಸ್ಥೆಯ ಶುದ್ಧ ಆಕರ್ಷಣೆ. ಅದನ್ನು ಪಡೆಯಲು ಆಪ್ಷನ್ ಎಂಟ್ರಿಯನ್ನು ಅಭ್ಯರ್ಥಿಯೇ ಮಾಡಿರಬೇಕು. ಲಾಗಿನ್ ಮಾಡಲು ಬರುವ ಒಟಿಪಿ ಬಹುತೇಕ ಮನೆಗಳಲ್ಲಿ ಅಪ್ಪನ ಮೊಬೈಲಿಗೆ ಬರುತ್ತದೆ. ಸೈಬರ್ ಸೆಂಟರಿನಲ್ಲಿ ಮೌಸ್ ಹಿಡಿದವನು ಅಂಗಡಿಯ ಹುಡುಗ, ಹಿಂದೆ ನಿಂತು ಕಾಲೇಜಿನ ಕೋಡ್ ಹೇಳುವವರು ಚಿಕ್ಕಪ್ಪ. ಪ್ರತಿಭೆ ಹೊರಗೆ ಬೈಕಿನ ಮೇಲೆ ಕುಳಿತಿರುತ್ತದೆ. ಆದಕಾರಣ ಮುಂದಿನ ವರ್ಷದ ಅರ್ಜಿಯಲ್ಲಿ "ಒಟಿಪಿ ಓದಿ ಹೇಳಿದವರು ಯಾರು, ಅಭ್ಯರ್ಥಿಗೆ ಅವರೇನಾಗಬೇಕು" ಎಂಬ ಒಂದು ಕಾಲಂ ಸೇರಿಸಬೇಕೆಂದು ಈ ಮೀಮಾಂಸೆ ಪ್ರಾಧಿಕಾರವನ್ನು ಕೋರುತ್ತದೆ. ಆ ದತ್ತಾಂಶ ಕೈಸೇರುವವರೆಗೆ ಸೂಚ್ಯಂಕದ ಪ್ರಕಟಣೆಯನ್ನು ತಡೆಹಿಡಿಯಲಾಗಿದೆ.